ಹೊರಗಿನ ಮೂಗು

“ಅಮ್ಮಾ, ಈ ಅಜ್ಜಿಗೆ ಮೂಗಿಲ್ವಾ?”

ನಾಲ್ಕು ವರ್ಷದ ಮಕ್ಕಳು ಗುಟ್ಟು ಹೇಳುವುದೆಂದರೆ ಬಾಯಿಗೆ ಕೈ ಅಡ್ಡ ಹಿಡಿದು ಇನ್ನಷ್ಟು ಜೋರಾಗಿ ಕೂಗುವುದು. ಅಕ್ಷರಾ ಕೇಳಿದ್ದೂ ಹಾಗೆಯೇ. ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ ಮಹಾಂತಮ್ಮನವರಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.

ಖಾಲಿ ಬಟ್ಟಲು ಹಿಡಿದು ನಿಂತಿದ್ದ ಶ್ರೀಗೌರಿ ಥಟ್ಟನೆ ಮಗಳ ಬಾಯಿ ಮುಚ್ಚಿದಳು. ಗಂಡ ಜನಾರ್ದನನಿಗೆ ಕಾಗದದ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಕ್ಕಿ, ಶಿವಮೊಗ್ಗದಿಂದ ಸಾಮಾನು ತಂದು ಭದ್ರಾವತಿಯ ಕಾಗದನಗರದ ಈ ಪಕ್ಕದ ಮನೆಯಲ್ಲಿ ಇಳಿಸಿ ಇನ್ನೂ ವಾರ ತುಂಬಿರಲಿಲ್ಲ. ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಲು ಬಂದು ಇಂಥ ಮಾತು ಆಡಿದ ಹಾಗಾಯಿತಲ್ಲ ಎಂದು ಅವಳ ಕಿವಿ ಬಿಸಿಯಾಯಿತು.

“ತಪ್ಪು ತಿಳ್ಕೋಬೇಡಿ ಮಹಾಂತಮ್ಮನೋರೆ. ಏನು ಮಾತಾಡ್ತೀನಿ ಅಂತ ಅವಳಿಗೇ ಗೊತ್ತಾಗಲ್ಲ.”

ಅಮ್ಮನ ಬೆರಳ ಸಂದಿಯಿಂದಲೇ ಮಗು ವಾದ ಮುಂದುವರಿಸಿತು. “ಮತ್ತೆ ಇಲ್ಲಿ ಇಷ್ಟೊಂದು ಕೊಳೆತ ಮೂಲಂಗಿ ವಾಸನೆ ಬರ್ತಿದೆ, ಅವ್ರು ಸುಮ್ನೆ ಕೂತಿದಾರೆ!”

“ಇದೆ ಕಣಮ್ಮ, ನೋಡು. ಮೂಗೂ ಇದೆ, ಮೂಗುಬಟ್ಟೂ ಇದೆ,” ಎಂದು ಮಹಾಂತಮ್ಮ ಮುಖ ಮುಂದೆ ಚಾಚಿ ತೋರಿಸಿದರು. “ಕೆಲಸ ಮಾಡಲ್ಲ, ಅಷ್ಟೆ.”

ಶ್ರೀಗೌರಿ ನಕ್ಕಳು. ಮಹಾಂತಮ್ಮ ನಗಲಿಲ್ಲ. ಅರ್ಧ ಸುಲಿದ ಕಾಯಿಯನ್ನು ಬೆರಳಲ್ಲೇ ಹಿಡಿದು ಆ ಮಗುವನ್ನು ನೋಡುತ್ತಾ ಕೂತರು. ವಾಸನೆಯ ವಿಷಯದಲ್ಲಿ ತಮ್ಮ ಮುಖಕ್ಕೆ ಯಾರಾದರೂ ನಿಜ ಹೇಳಿ ಎಷ್ಟು ಕಾಲವಾಗಿತ್ತು! ಒಳಗೆ ಹೋಗಿ ಮೊಸರು ತಂದುಕೊಟ್ಟರು. ಆಮೇಲೆ ಏನನ್ನಿಸಿತೋ, ಮೊರವನ್ನು ಪಕ್ಕಕ್ಕೆ ಸರಿಸಿ, “ಕೂತ್ಕೊಳಿ. ಮಗು ಕೇಳಿದ್ದಕ್ಕೆ ಉತ್ತರ ಇದೆ. ಸ್ವಲ್ಪ ಉದ್ದ ಇದೆ,” ಎಂದರು. ಅವರೆಕಾಯಿ ಮುಗಿಯುವಷ್ಟರಲ್ಲಿ ಕತೆಯೆಲ್ಲ ಹೊರಗೆ ಬಂತು.

ಮಹಾಂತಮ್ಮ ಹೊಳಲೂರಿನವರು. ಹಸಿಹುಲ್ಲು, ಕೊಟ್ಟಿಗೆ, ತುಂಗೆಯ ಕೆಸರು, ಇಷ್ಟೇ ವಾಸನೆ ಗೊತ್ತಿದ್ದ ಹುಡುಗಿ ಜಂಬಣ್ಣನವರನ್ನು ಮದುವೆಯಾಗಿ ಈ ಕ್ವಾರ್ಟರ್ಸಿಗೆ ಬಂದದ್ದು. ಜಂಬಣ್ಣನವರಿಗೆ ಕೆಲಸ ಇದ್ದದ್ದು ಅದೇ ಕಾರ್ಖಾನೆಯಲ್ಲಿ, ಕಾಗದಕ್ಕೆ ಮರದ ಚೂರು ಬೇಯಿಸುವ ಕಡೆ; ಊರಿಗೆಲ್ಲ ಹಬ್ಬುವ ವಾಸನೆ ಹುಟ್ಟುವುದೂ ಅಲ್ಲೇ. ಬಂದ ತಿಂಗಳೊಳಗೇ ಹೊಸ ಸೊಸೆಗೆ ವಾಂತಿ ಶುರುವಾಯಿತು. ಅತ್ತೆಯ ಮುಖ ಅರಳಿ, ಬೀದಿಗೆಲ್ಲ ಸಕ್ಕರೆ ಹಂಚಿಯೂ ಬಿಟ್ಟರು. ಅದು ಕೂಸಲ್ಲ, ಕಾರ್ಖಾನೆ ಎಂದು ತಿಳಿದ ಮೇಲೆ ಸಕ್ಕರೆ ತಿಂದವರೆಲ್ಲ ವರ್ಷಗಟ್ಟಲೆ ಛೇಡಿಸಿದರು.

ಒಂದು ಬೆಳಿಗ್ಗೆ ಎದ್ದಾಗ ವಾಸನೆಯೇ ಇರಲಿಲ್ಲ. ಮಿಲ್ ನಿಂತುಹೋಗಿದೆ, ಗಂಡನ ಕೆಲಸ ಹೋಯಿತು ಎಂದು ಗಾಬರಿಯಾಗಿ ಕಿಟಕಿಗೆ ಓಡಿದರು. ಚಿಮಣಿ ಎಂದಿನಂತೆ ಹೊಗೆ ಬಿಡುತ್ತಿತ್ತು. ನಿಂತದ್ದು ತಮ್ಮ ಮೂಗು. ಕಾಗದನಗರದವರಿಗೆಲ್ಲ ಒಂದಲ್ಲ ಒಂದು ದಿನ ಹಾಗೆ ಆಗುತ್ತದೆ, ಮತ್ತು ಆದ ದಿನ ಎಲ್ಲರಿಗೂ ಹಾಯೆನಿಸುತ್ತದೆ.

ಹಾಯಾದದ್ದು ಅಣ್ಣನ ಮಗಳ ಮದುವೆಯವರೆಗೆ ಮಾತ್ರ. ಹೊಳಲೂರಿನಲ್ಲಿ ಧಾರೆಗೆ ಮುಂಚೆ ಎಲ್ಲರೂ ಒತ್ತಾಗಿ ಕೂತಿದ್ದಾಗ ಅತ್ತಿಗೆ ಕಿವಿಯ ಹತ್ತಿರ ಬಂದು, “ಸೀರೆ ಎಲ್ಲಿಟ್ಟಿದ್ದೆ ಮಹಾಂತಿ? ಏನೋ ಹಳಸಿದ ಹಾಗೆ ಬರ್ತಿದೆಯಲ್ಲ,” ಎಂದಳು. ತಮ್ಮದೇ ಮದುವೆಯ ರೇಷ್ಮೆಸೀರೆ ಅದು. ಸೆರಗನ್ನು ಮೂಗಿಗೆ ಒತ್ತಿಕೊಂಡರು. ಏನೂ ಇರಲಿಲ್ಲ. ತಮಗೆ ಗೊತ್ತಾಗದ ಒಂದು ಸಂಗತಿ ತಮ್ಮ ಮೈಮೇಲೆಯೇ ಇದೆ, ಅದು ಊರಿಗೆಲ್ಲ ಗೊತ್ತು ಎಂಬುದು ಅವತ್ತು ತಲೆಗೆ ಹೋಯಿತು.

ಜರಿಯ ರೇಷ್ಮೆಯನ್ನು ನೀರಿಗೆ ಹಾಕುವ ಹಾಗಿಲ್ಲ. ಶಿವಮೊಗ್ಗದಲ್ಲಿ ಪೆಟ್ರೋಲ್ ವಾಶ್ ಮಾಡುವ ಅಂಗಡಿಗಳಿದ್ದವು. ಮಾಡಿಸಿ ತಂದು ಬೀರುವಿನಲ್ಲಿಟ್ಟರೆ ಒಂದು ಗಾಳಿ ಬೀಸುವುದರೊಳಗೆ ಸೀರೆ ಮತ್ತೆ ಕಾಗದನಗರದ್ದೇ ಆಗುತ್ತಿತ್ತು. ಹಾಗಾಗಿ ಮಹಾಂತಮ್ಮ ತಮ್ಮದೇ ಒಂದು ದಾರಿ ಕಂಡುಕೊಂಡರು. ಉಟ್ಟು ಬಂದ ಸೀರೆಯನ್ನು ಕೂಡಲೇ ಮಡಿಚಬಾರದು. ಒಳಕೋಣೆಯ ನೆರಳಿನಲ್ಲಿ ಒಳಮೈ ಮೇಲೆ ಮಾಡಿ ಹರವಬೇಕು. ಗಾಳಿ ಮಿಲ್ಲಿನ ಕಡೆಯಿಂದ ಬೀಸಿದರೆ ಕಿಟಕಿ ಹಾಕಬೇಕು, ಹೊಳೆಯ ಕಡೆಯಿಂದ ಬೀಸಿದರೆ ತೆಗೆಯಬೇಕು. ಆಮೇಲೆ ತಗಡಿನ ಟ್ರಂಕಿನ ತಳಕ್ಕೆ ಬಿಸಿಲಲ್ಲಿ ಒಣಗಿಸಿದ ಇದ್ದಿಲಿನ ಗಂಟು, ಮೂಲೆಗೆ ಅಡಿಗೆ ಸೋಡಾದ ಪುಟ್ಟ ಚೀಲ, ಮೇಲೆ ಹಳೇ ಪಂಚೆಯ ಹಾಸು, ಅದರ ಮೇಲೆ ಸೀರೆ. ಮುಚ್ಚಳ ಹಾಕಿ ಬಿಟ್ಟುಬಿಡಬೇಕು. ಉಣ್ಣೆಯ ಕೋಟಿನ ಕಂಕುಳಲ್ಲಿ ಬೆವರು ಕೂತಿದ್ದರೆ ಬಚ್ಚಲಲ್ಲಿ ಹಂಡೆ ನೀರು ಮರಳುವಾಗ ದೂರದ ಮೊಳೆಗೆ ತೂಗುಹಾಕಿ, ಆವಿ ತಾಗಿಸಿ, ಪೂರ್ತಿ ಆರಿದ ಮೇಲೆಯೇ ಟ್ರಂಕಿಗೆ. ಅತ್ತರು, ನುಸಿಗುಳಿಗೆ ಎಂದರೆ ಅವರಿಗೆ ಮೈಯುರಿ. “ವಾಸನೆ ಮೇಲೆ ವಾಸನೆ ಹಾಕಿದ್ರೆ ಅದು ಹೋಗುತ್ತಾ? ಜೊತೆಗೊಬ್ಬ ಸಿಕ್ಕಿದ ಅಂತ ಇನ್ನೂ ಚೆನ್ನಾಗಿ ಕೂರುತ್ತೆ!”

ಬೀದಿಯವರು ಒಬ್ಬೊಬ್ಬರಾಗಿ ಸೀರೆ ತಂದರು. ಪಕ್ಕದ ತಮಿಳು ಮನೆಯ ಅಜ್ಜಿಯ ಕಾಂಜೀವರಂ, ಮೂಲೆಮನೆ ಫೋರ್‌ಮನ್ನರ ಮದುವೆ ಕೋಟು. ಹೊರಗಿನ ಊರಿಗೆ ಹೋಗುವ ಮುಂಚೆ ಮಹಾಂತಮ್ಮನವರ ಟ್ರಂಕಿನಲ್ಲಿ ಬಟ್ಟೆ ಮಲಗಿ ಎದ್ದರೆ ಅವರಿಗೊಂದು ಧೈರ್ಯ. ಮಹಾಂತಮ್ಮ ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಅರಿಸಿನ ಕುಂಕುಮಕ್ಕೆ ಕರೆದು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರಲ್ಲ, ಅವರಿಗೆ ಅದು ಸಾಕಾಗಿತ್ತು.

ಇದರಲ್ಲಿ ಒಂದೇ ಒಂದು ತೊಡಕು. ವಾಸನೆ ಹೋಯಿತೋ ಇಲ್ಲವೋ ಎಂದು ಹೇಳುವವರು ಬೇಕಲ್ಲ? ತೆಗೆಯುವವರಿಗೂ ಮೂಗಿಲ್ಲ, ತಂದುಕೊಟ್ಟವರಿಗೂ ಇಲ್ಲ. ಬೀದಿಗೆ ಬೀದಿಯೇ ಹಾಗೆ. ಹೊರಗಿನದೊಂದು ಮೂಗು ಬೇಕಿತ್ತು, ಅದೂ ಬಸ್ಸಿಳಿದು ಬಂದ ಹೊಸತರಲ್ಲಿ.

ಹಾಗೆ ಸಿಕ್ಕವರು ಜಯಾ ಟೀಚರ್. ಶಿವಮೊಗ್ಗದಿಂದ ದಿನಾ ಬಸ್ಸಿನಲ್ಲಿ ಬಂದು ಇಲ್ಲಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಕುಡಿಯಲು ನೀರು ಕೇಳಿ ಒಳಗೆ ಬಂದವರು ಹರವಿದ್ದ ಸೀರೆಯ ಅಂಚು ಮುಟ್ಟಿ, “ಎಷ್ಟು ಚೆನ್ನಾಗಿದೆ ಬಣ್ಣ,” ಎಂದರು. ಹತ್ತಿರಕ್ಕೆ ಬಗ್ಗಿ, “ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ, ಇದರೊಳಗೆ ಮಿಲ್ ಕೂತಿದೆ ಕಣ್ರೀ,” ಎಂದರು. ಮಹಾಂತಮ್ಮನಿಗೆ ಬೇಜಾರೆಲ್ಲಿಂದ ಬರಬೇಕು! ದೇವರೇ ಬಾಗಿಲಿಗೆ ಬಂದ ಹಾಗಾಯಿತು. ಕೈ ಹಿಡಿದು ಕೂರಿಸಿ ಕಾಫಿ ಕೊಟ್ಟರು.

ಅಂದಿನಿಂದ ಅದೊಂದು ರೂಢಿ. ಶಾಲೆಗೆ ಹೋಗುವ ಮುಂಚೆ ಟೀಚರ್ ಮೆಟ್ಟಿಲು ಹತ್ತುತ್ತಿದ್ದರು. ಮಹಾಂತಮ್ಮ ಟ್ರಂಕಿನಿಂದ ಸೀರೆ ತೆಗೆದು ಎರಡು ಕೈಯಲ್ಲೂ ಚಾಚುತ್ತಿದ್ದರು. ಟೀಚರ್ ಕಣ್ಣು ಮುಚ್ಚಿ ಮೂಸಿ, “ಹೋಗಿದೆ,” ಎನ್ನುತ್ತಿದ್ದರು. ಆಮೇಲೆ ಕಾಫಿ, ಎರಡು ಮಾತು, ಗಂಟೆ ಹೊಡೆಯುವುದರೊಳಗೆ ಓಟ. ಟೀಚರ್ ಬಾಣಂತಿಯಾದಾಗ ಹೊಳಲೂರಿನ ತುಪ್ಪದಲ್ಲಿ ಅಂಟಿನುಂಡೆ ಕಟ್ಟಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದವರು ಮಹಾಂತಮ್ಮನೇ. ಜಂಬಣ್ಣ ರೇಗಿಸುತ್ತಿದ್ದರು: “ನಿನ್ನ ಅರ್ಧ ಜೀವ ಆ ಟೀಚರ್ ಮೂಗಲ್ಲಿದೆ ನೋಡು.” ಮಹಾಂತಮ್ಮನಿಗೆ ಅದು ರೇಗಿಸುವ ಮಾತು ಅನ್ನಿಸುತ್ತಲೇ ಇರಲಿಲ್ಲ.

ಮಗಳು ಸ್ಫೂರ್ತಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಕೊಟ್ರಬಸಪ್ಪನವರ ಮನೆಯಲ್ಲಿ ಸಂಬಂಧ ಕೂಡಿಬಂತು. ಅವರ ಮಗ ವಿಜಯಕುಮಾರ್ ಅಪ್ಪನ ಜೊತೆ ಬೇಳೆಕಾಳಿನ ಅಂಗಡಿಯಲ್ಲಿ ಕೂರುತ್ತಿದ್ದ. ಆ ಮನೆಯಲ್ಲೊಂದು ಪದ್ಧತಿ: ನಿಶ್ಚಯದ ದಿನ ಹೆಣ್ಣಿಗೆ ಉಡಿಸುವ ಸೀರೆಯನ್ನೇ ಮದುವೆಯಾಗಿ ಹೊಸಿಲು ದಾಟುವ ದಿನ ಮತ್ತೆ ಉಟ್ಟು ಬರಬೇಕು. ನಡುವೆ ಅದು ಹೆಣ್ಣಿನ ತವರಿನಲ್ಲಿರಬೇಕು. “ನಮ್ಮ ಸೀರೆ ನಮ್ಮ ಮನೆಗೇ ವಾಪಸ್ ಬರುತ್ತೆ, ಜೊತೆಗೆ ಮಗಳನ್ನ ಕರ್ಕೊಂಡು,” ಎಂದು ಬೀಗಿತ್ತಿ ನಗುತ್ತಾ ಹೇಳಿದ್ದರು. ಕುಂಕುಮದ ಬಣ್ಣಕ್ಕೆ ಮಾವಿನಕಾಯಿ ಬುಟ್ಟಾ, ಗೇಣಗಲದ ಜರಿ ಅಂಚು. ನೀರು ತಾಗಿಸಬಾರದೆಂದು ಪೆಟ್ಟಿಗೆಯ ಮೇಲೆಯೇ ಚೀಟಿ.

ಶ್ರಾವಣದಲ್ಲಿ ನಿಶ್ಚಯವಾಯಿತು. ಸಂಕ್ರಾಂತಿ ಕಳೆದ ಮೇಲೆ ಮದುವೆ. ಅಷ್ಟು ತಿಂಗಳು ಆ ಸೀರೆ ಕಾಗದನಗರದ ಗಾಳಿಯಲ್ಲಿ ಇರಬೇಕು. ಹೊಸ ಮನೆಯ ಹೊಸಿಲಲ್ಲಿ ಮಗಳು ಅಕ್ಕಿ ತುಂಬಿದ ಸೇರಿಗೆ ಕಾಲು ತಾಗಿಸುವಾಗ ಸುತ್ತ ನಿಂತ ಹೆಂಗಸರು ಮುಖ ತಿರುಗಿಸಿದರೆ? ತಾವು ಹೊಳಲೂರಿನ ಮದುವೆಯಲ್ಲಿ ಅನುಭವಿಸಿದ್ದು ಅವಳ ಪಾಲಿಗೆ ಬರಬಾರದು. ಮಹಾಂತಮ್ಮ ಆ ಸೀರೆಗೊಂದು ಬೇರೆ ಟ್ರಂಕನ್ನೇ ಮಾಡಿದರು, ಇದ್ದಿಲನ್ನು ಮತ್ತೆ ಮತ್ತೆ ಬದಲಾಯಿಸಿದರು. ದಸರೆ ರಜೆ ಮುಗಿಸಿ ಬಂದ ಜಯಾ ಟೀಚರ್ ಕೈಗೆ ಅದನ್ನೇ ಮೊದಲು ಕೊಟ್ಟರು.

“ಹೋಗಿದೆ ಕಣ್ರೀ. ಅಂಗಡಿಯಿಂದ ಈಗ ತಂದ ಹಾಗಿದೆ,” ಎಂದರು ಟೀಚರ್.

ದೀಪಾವಳಿ ಕಳೆದ ಮೇಲೆ ಕೊಟ್ರಬಸಪ್ಪನವರ ಮನೆಯಲ್ಲಿ ಅವರ ಮಗಳ ಕೂಸಿನ ತೊಟ್ಟಿಲು ಶಾಸ್ತ್ರ. ಮಹಾಂತಮ್ಮ ಒಬ್ಬರೇ ಹೋದರು. ಉಟ್ಟಿದ್ದು ತಮ್ಮ ಹಸಿರು ರೇಷ್ಮೆ, ಅದನ್ನೂ ಹಿಂದಿನ ದಿನ ಟೀಚರ್ ನೋಡಿ ಆಗಿತ್ತು. ಹೆಂಗಸರೆಲ್ಲ ಮಹಡಿಯ ಹಜಾರದಲ್ಲಿ ಜಮಖಾನದ ಮೇಲೆ ಕೂತಿದ್ದರು. ಮಹಾಂತಮ್ಮ ಕೂತ ಸ್ವಲ್ಪ ಹೊತ್ತಿಗೆ ಯಾರೋ ಎದ್ದು ಕಿಟಕಿ ತೆಗೆದರು. ಇನ್ಯಾರೋ ಊದುಬತ್ತಿ ಸ್ಟ್ಯಾಂಡನ್ನು ತಂದು ಅವರ ಹತ್ತಿರವೇ ಇಟ್ಟರು. ಎಡಗಡೆಯಲ್ಲಿ ಇಬ್ಬರು ಕೂರುವಷ್ಟು ಜಾಗ ಖಾಲಿಯೇ ಉಳಿಯಿತು.

ಮನೆಯ ಹಿರಿಯಜ್ಜಿಗೆ ಮಾತ್ರ ಸಂಕೋಚವಿರಲಿಲ್ಲ. ಪಕ್ಕಕ್ಕೆ ಬಂದು ಕೂತು, ತೊಡೆ ತಟ್ಟಿ ಹೇಳಿತು: “ನಾನು ಏನೂ ಅಂದ್ಕೊಳಲ್ಲ ಕಣವ್ವ. ನಿಮ್ಮ ಊರಲ್ಲಿರೋರಿಗೆ ಅದು ಗೊತ್ತೇ ಆಗಲ್ವಂತಲ್ಲ? ನಮ್ಮ ಹಿಂದಿನ ಬೀದಿ ಜಯಾ ಟೀಚರ್ ಹೇಳ್ತಿರ್ತಾರೆ. ಅಲ್ಲಿ ಒಬ್ಬ ಯಮ್ಮ ಇದಾಳಂತೆ, ದಿನಾ ಬೆಳಿಗ್ಗೆ ಸೀರೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾಳಂತೆ. ‘ಹೋಗಿದೆ ಅಂದ್ಬಿಡ್ತೀನಿ ಅಜ್ಜಿ, ಅವ್ರಿಗೂ ಖುಷಿ, ನಂಗೂ ಒಂದು ಲೋಟ ಕಾಫಿ’ ಅಂತಾರೆ. ಆ ಯಮ್ಮ ಕಣ್ಣು ಹ್ಯಾಗೆ ಅಗಲ ಮಾಡ್ತಾಳೆ ಅಂತ ಮಾಡಿ ತೋರಿಸ್ತಾರೆ ಮಾರಾಯ್ತಿ, ನಕ್ಕು ನಕ್ಕು ಸಾಕಾಗುತ್ತೆ! ನಿಮ್ಮ ಕಡೆಯೋರೇ ಇರ್ಬೇಕು. ಗೊತ್ತಾ ನಿಮಗೆ?”

“ಇಲ್ಲ. ಗೊತ್ತಿಲ್ಲ,” ಎಂದರು ಮಹಾಂತಮ್ಮ.

ತೊಟ್ಟಿಲ ಹಾಡಿಗೆ ಎಲ್ಲರ ಜೊತೆ ದನಿಗೂಡಿಸಿದರು. ಎಲೆಯಡಿಕೆ ಇಸಿದುಕೊಂಡು, ಬೀಗಿತ್ತಿಗೆ ಹೇಳಿ ಹೊರಟರು. ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಮೂಗಿಗೆ ಒತ್ತಿ ಉಸಿರೆಳೆದುಕೊಂಡರು. ಬಿಸಿ ಉಸಿರು, ತಮ್ಮದೇ ಕುಂಕುಮ, ಅಷ್ಟೇ. ಅಳು ಬರುತ್ತಿದೆಯೆಂದು ಪಕ್ಕದ ಸೀಟಿನವರು ತಿಳಿದು, “ಯಾರಿಗಮ್ಮ ಹುಷಾರಿಲ್ಲ?” ಎಂದು ಕೇಳಿದರು.

ಮರುದಿನ ಭಾನುವಾರ. ಒಂದು ಹಳೆಯ ರೇಷ್ಮೆಯನ್ನು ಹಿತ್ತಲ ತಂತಿಗೆ, ಮಿಲ್ಲಿನ ಗಾಳಿಗೆ ಎದುರಾಗಿ ಒಣಹಾಕಿದರು. ಇಡೀ ಬದುಕಿನಲ್ಲಿ ಮಾಡದ ಕೆಲಸ. ಬೇಕೆಂದೇ ದಿನವಿಡೀ ಬಿಟ್ಟರು. ಇದ್ದಿಲಿಲ್ಲ, ಸೋಡಾ ಇಲ್ಲ. ಸೋಮವಾರ ಬೆಳಿಗ್ಗೆ ಮಡಿಚಿ ಕೈಯಲ್ಲಿ ಹಿಡಿದು ಎಂದಿನ ಜಾಗದಲ್ಲಿ ನಿಂತರು. ಒಂದೇ ಒಂದು ಸಲ ‘ಇದೆ’ ಅನ್ನಲಿ, ಅಜ್ಜಿ ಹೇಳಿದ್ದನ್ನೆಲ್ಲ ಮರೆತುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಬಸವಣ್ಣನಿಗೆ ಹರಕೆ ಹೊತ್ತರು.

ಜಯಾ ಟೀಚರ್ ಬಂದರು. ಚಪ್ಪಲಿ ಬಿಟ್ಟರು. ಕಣ್ಣು ಮುಚ್ಚಿ ಮೂಸಿದರು. ಹುಬ್ಬು ಒಂದಿಷ್ಟೇ ಗಂಟಾಯಿತು. ಮಹಾಂತಮ್ಮ ಅದನ್ನು ಕಂಡರು. ಎಷ್ಟು ವರ್ಷದಿಂದ ಆ ಗಂಟು ಕಣ್ಣೆದುರೇ ಇತ್ತು, ತಾವು ನೋಡುತ್ತಿದ್ದದ್ದು ಬರೀ ಬಾಯನ್ನು.

“ಹೋಗಿದೆ ಬಿಡ್ರಿ,” ಎಂದರು ಟೀಚರ್. “ಘಮ್ ಅಂತಿದೆ.”

“ಅದನ್ನ ಟ್ರಂಕಿಗೇ ಹಾಕಿಲ್ಲ ಟೀಚರ್. ನಿನ್ನೆ ಪೂರ್ತಿ ತಂತಿ ಮೇಲಿತ್ತು.”

ಟೀಚರ್ ಮುಖದ ಬಣ್ಣ ಇಳಿಯಿತು. ‘ಯಾಕೆ’ ಎಂದು ಕೇಳಲಿಲ್ಲ. “ಯಾರು ಹೇಳಿದ್ರು?” ಎಂದು ಕೇಳಿದರು. ಆ ಮಾತಿನಿಂದ ಮಹಾಂತಮ್ಮನಿಗೆ ಉಳಿದಿದ್ದ ಚೂರುಪಾರು ಆಸೆಯೂ ಮುರಿಯಿತು.

“ಯಾರೋ. ನೀವು ನನ್ನ ಕಣ್ಣು ಮಾಡಿ ತೋರಿಸ್ತೀರಂತಲ್ಲ, ಅದನ್ನೂ ಹೇಳಿದ್ರು.”

“ಅಯ್ಯೋ, ಅದು ತಮಾಷೆಗೆ ಮಹಾಂತಮ್ಮ...” ಟೀಚರ್ ಮೆಟ್ಟಿಲ ಮೇಲೆ ಕೂತರು. “ಮೊದಲ್ನೇ ವರ್ಷ ಒಂದ್ಸಲ ‘ಇನ್ನೂ ಇದೆ’ ಅಂದಿದ್ದೆ, ನೆನಪಿದ್ಯಾ? ಕಣ್ಣಲ್ಲಿ ನೀರು ತಂದ್ಕೊಂಡು ಒಳಗೆ ಹೋಗ್ಬಿಟ್ರಿ. ಆಮೇಲೆ ನಂಗೆ ಆ ಮಾತು ಹೇಳೋಕೆ ಬಾಯೇ ಬರ್ಲಿಲ್ಲ.”

“ನಿಜ, ಅತ್ತಿದ್ದೆ. ಅತ್ತು, ಹೊಸ ಇದ್ದಿಲು ಹಾಕಿದೆ. ನಾನು ಅತ್ತರೆ ನಿಮಗೇನು ಕಷ್ಟ ಇತ್ತು? ನಿಮ್ಮ ಬೀದಿಯೋರು ನಗೋದಕ್ಕಿಂತ ನಾನು ಅಳೋದೇ ವಾಸಿಯಿತ್ತು.”

ಟೀಚರ್ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡರು.

“ಹೋಗ್ಲಿ, ಒಂದು ಹೇಳಿ. ಇಷ್ಟು ವರ್ಷ ಹೋಗಿದೆ ಹೋಗಿದೆ ಅಂದ್ರಲ್ಲ, ಅದ್ರಲ್ಲಿ ಯಾವ್ದು ನಿಜ?”

“ಕೆಲವು ಹೋಗಿರ್ತಿತ್ತು. ನನ್ನ ಮಗು ಆಣೆ, ಹೋಗಿರ್ತಿತ್ತು.”

“ಯಾವ್ದು?”

ಶಾಲೆಯ ಗಂಟೆ ಹೊಡೆಯಿತು. ಜಯಾ ಟೀಚರ್ ಎದ್ದು ಚಪ್ಪಲಿ ಮೆಟ್ಟಿ ಹೋದರು. ಒಳಗೆ ಕಟ್ಟೆಯ ಮೇಲೆ ಅವರಿಗೆಂದು ಇಟ್ಟಿದ್ದ ಕಾಫಿಗೆ ಕೆನೆ ಕಟ್ಟಿತ್ತು.

ಮೋಸ ಮಾಡಿದವರು ಒಂದು ವಸ್ತು ತೆಗೆದುಕೊಂಡು ಹೋದರೆ ಏನು ಹೋಯಿತೆಂದಾದರೂ ತಿಳಿಯುತ್ತದೆ. ಮಹಾಂತಮ್ಮನಿಗೆ ಅದೂ ತಿಳಿಯಲಿಲ್ಲ. ತಮಿಳಜ್ಜಿ ಕಾಂಜೀವರಂ ಉಟ್ಟು ಮೊಮ್ಮಗನ ಮದುವೆಗೆ ಹೋದಾಗ ಪಕ್ಕದವರು ಸರಿದು ಕೂತರೋ? ಫೋರ್‌ಮನ್ನರು ಕೋಟು ಹಾಕಿ ಫೋಟೋಕ್ಕೆ ನಿಂತಾಗ ಬೀಗರು ಮೂಗು ಹಿಡಿದರೋ? ಯಾರೂ ಬಂದು ದೂರಲಿಲ್ಲ. ದೂರಲು ಅವರಿಗೂ ಗೊತ್ತಾಗಿರಲಿಲ್ಲವಲ್ಲ. ನನ್ನನ್ನು ನಂಬಿದ ಬೀದಿಯನ್ನೇ ನಾನು ಊರೂರಿಗೆ ಕಳಿಸಿ ನಗೆಪಾಟಲು ಮಾಡಿಸಿದೆನೋ ಏನೋ ಎಂಬ ಕೊರಗು ಊಟಕ್ಕೆ ಕೂತರೂ ಬಿಡುತ್ತಿರಲಿಲ್ಲ. ಇಟ್ಟುಕೊಂಡಿದ್ದ ಬಟ್ಟೆಗಳನ್ನೆಲ್ಲ ಅವರವರ ಮನೆಗೆ ವಾಪಸ್ ಕೊಟ್ಟು, “ನನ್ನ ಕೈಲಿ ಆಗಲ್ಲ,” ಎಂದಷ್ಟೇ ಹೇಳಿ ಬಂದರು.

“ಒಳ್ಳೇ ಮನಸ್ಸಿಂದಲೇ ಹೇಳಿರ್ತಾರೆ ಕಣೆ,” ಎಂದರು ಜಂಬಣ್ಣ.

“ಒಳ್ಳೇ ಮನಸ್ಸನ್ನ ನನ್ನ ಎದುರಿಗೆ ಇಟ್ಕೊಂಡು, ನಗೋದನ್ನ ಅಲ್ಲಿಗೆ ತಗೊಂಡು ಹೋದ್ರು,” ಎಂದರು ಮಹಾಂತಮ್ಮ. ಜಯಾ ಟೀಚರ್ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು.

ಒಂದು ಟ್ರಂಕು ಮಾತ್ರ ಖಾಲಿಯಾಗಲಿಲ್ಲ. ನಿಶ್ಚಯದ ಸೀರೆ ಅದರಲ್ಲೇ ಇತ್ತು. ಇದ್ದಿಲು ಬದಲಾಯಿಸುವುದು, ಗಾಳಿ ನೋಡಿ ಕಿಟಕಿ ತೆಗೆಯುವುದು ನಡೆದೇ ಇತ್ತು. ಮುಚ್ಚಳ ತೆಗೆದಾಗಲೆಲ್ಲ ಬಗ್ಗಿ ಮೂಸುತ್ತಿದ್ದರು, ಏನೂ ಸಿಗದೆ ಮುಚ್ಚುತ್ತಿದ್ದರು. ಬೇರೆ ಯಾರನ್ನು ಕೇಳುವುದು? ಅಣ್ಣನ ಮನೆಯವರನ್ನೋ? ಮದುವೆ ಹತ್ತಿರ ಬಂದಿರುವಾಗ ಎಲ್ಲರೂ ‘ಹೋಗಿದೆ’ ಎನ್ನುವವರೇ.

ಕತೆ ಮುಗಿದಾಗ ಮೊರದಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು. ಅಕ್ಷರಾ ಫ್ರಾಕಿನ ಅಂಚನ್ನು ಮೂಗಿನ ಮೇಲೆ ಎಳೆದುಕೊಂಡು, ಅವರೆಕಾಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಶ್ರೀಗೌರಿ ಕೈಲಾದದ್ದನ್ನು ಮಾಡೋಣ ಎಂದುಕೊಂಡು, “ನನ್ನ ತವರು ಶಿವಮೊಗ್ಗದ ದುರ್ಗಿಗುಡೀಲೇ ಇದೆ. ಮದುವೆ ತನಕ ಸೀರೆ ಅಲ್ಲೇ ಇರಲಿ, ಬೇಕಾದ್ರೆ ಅಲ್ಲೇ ಪೆಟ್ರೋಲ್ ವಾಶ್ ಮಾಡಿಸಿ ಇಟ್ಟಿರ್ತೀನಿ. ಶನಿವಾರ ನಾವು ಹೋಗ್ತಿದೀವಿ,” ಎಂದಳು.

ಮಹಾಂತಮ್ಮ ಬೇಡವೆಂದು ತಲೆಯಾಡಿಸಿದರು. “ತವರಲ್ಲಿರ್ಬೇಕು ಅಂತ ಕೊಟ್ಟಿದಾರೆ, ಇಲ್ಲೇ ಇರ್ಲಿ. ಸೀರೆ ಇಡೋಕೆ ಜಾಗ ಅಲ್ಲಮ್ಮ ನಂಗೆ ಬೇಕಿರೋದು. ನನ್ನ ಕೈಲಿ ಆಗುತ್ತೋ ಇಲ್ವೋ, ಅದು ಗೊತ್ತಾಗ್ಬೇಕು. ಆಗಿಲ್ಲ ಅಂದ್ರೆ ಆಗಿಲ್ಲ. ಆಗ ನೀವು ಹೇಳಿದ ಹಾಗೇ ಮಾಡೋಣ.”

ಸಿಪ್ಪೆಯನ್ನು ಸೆರಗಿನಿಂದ ಕೊಡವಿ ಶ್ರೀಗೌರಿಯ ಹತ್ತಿರಕ್ಕೆ ಸರಿದು ಕೂತರು.

“ಒಂದು ಕೇಳ್ತೀನಿ, ಇಲ್ಲ ಅನ್ಬೇಡಿ. ತವರಿಂದ ವಾಪಸ್ ಬಂದ ದಿನ ಬಸ್ಸಿಳಿದೋರು ನಿಮ್ಮ ಮನೆ ಬೀಗ ತೆಗೀಬೇಡಿ. ಸೀದಾ ಇಲ್ಲಿಗೇ ಬನ್ನಿ. ನಾನು ಸೀರೆ ತೆಗೆದಿಟ್ಟಿರ್ತೀನಿ, ಮಗು ಮೂಸಿ ನೋಡ್ಲಿ. ನೀವು ನೋಡೋದು ಬೇಡ. ನೀವು ದೊಡ್ಡೋರು, ನನ್ನ ಮುಖ ನೋಡಿ ಮಾತಾಡ್ತೀರಿ.”

ಶ್ರೀಗೌರಿಯ ಕೈ ತನಗೆ ತಿಳಿಯದೆಯೇ ಮಗಳ ಹೆಗಲ ಮೇಲೆ ಹೋಯಿತು. ಮಹಾಂತಮ್ಮ ಆ ಕೈಯನ್ನು ನೋಡಿದರು.

“ಅವಳು ಏನೇ ಅನ್ಲಿ, ಕೊಳೆತ ಮೂಲಂಗಿ ಅಂದ್ರೂ ಸರಿಯೇ. ಆಗ ಮಾತ್ರ ಅವಳ ಬಾಯಿ ಮುಚ್ಚಬೇಡಿ. ಅಷ್ಟು ಉಪಕಾರ ಮಾಡಿ.”